ಹೋಳಿಲ್ಲದ ಸಾರು

ಕೆಂಪರಾಜು ನುಗ್ಗೆಯ ಕೊಂಬೆಗೆ ಮಚ್ಚು ಎತ್ತಿದ್ದ. ಜಗಲಿಯ ಮೇಲಿದ್ದ ಕದಿರಮ್ಮ ಎದ್ದು ಬಂದು ಮಗನ ತೋಳು ಹಿಡಿದಳು.

"ಕಡೀಬೇಡ ಕಣಪ್ಪ."

"ಶಾಮಿಯಾನದ ಕಂಬ ನಿಲ್ಲಿಸ್ಬೇಕಲ್ಲಮ್ಮ. ಒಂದು ಕೊಂಬೆ ತಾನೆ."

"ಕಂಬಾನೇ ಆ ಕಡೆಗೆ ಸರಿಸ್ಕೊಳ್ಳಿ. ಅದು ಅವಳು ನೀರು ಹುಯ್ದ ಮರ."

ಶಾಮಿಯಾನದವರು ಗೊಣಗುತ್ತಾ ಕಂಬ ಸರಿಸಿದರು. ಅರ್ಧ ಅಂಗಳಕ್ಕೆ ಬಟ್ಟೆಯ ನೆರಳು, ಇನ್ನರ್ಧಕ್ಕೆ ನುಗ್ಗೆಯ ತೆಳುನೆರಳು.

ನಡುಮನೆಯಲ್ಲಿ ಗಾಜಿನ ಮುಚ್ಚಳದ ತಣ್ಣನೆಯ ಪೆಟ್ಟಿಗೆ ಗುಂಯ್ಯೆನ್ನುತ್ತಿತ್ತು. ಅದರೊಳಗೆ ಮಲಗಿದ್ದವಳು ಮುನಿಲಕ್ಷ್ಮಮ್ಮ, ಕದಿರಮ್ಮನ ಓರಗಿತ್ತಿ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಇದೇ ಮನೆಯ ಹಸುಗಳ ಹಿಂದೆ ಬಾಳು ಸವೆಸಿದವಳು. ನಿನ್ನೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿ, "ಅಕ್ಕ, ಯಾಕೋ ಎದೆ ಹಿಡ್ಕೊಂಡಂಗೈತೆ" ಎಂದು ಗೋಡೆಗೆ ಒರಗಿದಳು. ಸೂಲಿಬೆಲೆಯಿಂದ ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಊರಿನ ಹಿರಿಯ ದೊಡ್ಡಮುನಿಯಪ್ಪ ಪೆಟ್ಟಿಗೆಗೆ ಕೈಮುಗಿದು ಬಂದು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡ. ತಲೆಯೆತ್ತಿ ಕಾಯಿಗಳನ್ನು ನೋಡಿದ.

"ಈ ಮರಕ್ಕೆ ಅರ್ಧ ಊರು ಋಣ ಕಣ್ರಪ್ಪ," ಎಂದ.

ಸಾವಿನ ಮನೆಯೆಂಬುದನ್ನು ಮರೆತು ನಾಲ್ಕಾರು ಮಂದಿ ನಕ್ಕರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಊರಿನಲ್ಲಿ ಯಾರ ಮದುವೆಯಾದರೂ, ಹೆಣ್ಣು ಗಂಡನ ಮನೆ ಹೊಕ್ಕ ಮಾರನೆಯ ದಿನ ಮುನಿಲಕ್ಷ್ಮಮ್ಮ ಒಂದು ಕಟ್ಟು ನುಗ್ಗೆಕಾಯಿ ತಂದು ಹೊಸಲಿನ ಮೇಲಿಡುತ್ತಿದ್ದಳು. ಕಾಯಿ ಇಲ್ಲದ ಕಾಲದಲ್ಲಿ ಹೂವನ್ನಾದರೂ ಮಡಿಲಲ್ಲಿ ತಂದು, ಹಾಲಲ್ಲಿ ಕುದಿಸಿ ಗಂಡನಿಗೆ ಕುಡಿಸು ಎಂದು ಹೊಸ ಸೊಸೆಯ ಕಿವಿಯಲ್ಲಿ ಹೇಳಿ ಹೋಗುತ್ತಿದ್ದಳು. ಬೈರೇಶನಿಗೆ ಅವಳಿ ಮಕ್ಕಳಾದಾಗ, ಲಕ್ಷ್ಮಕ್ಕ ಎರಡು ಕಟ್ಟು ಕೊಟ್ಟಿದ್ದಳಾ ಎಂದು ಡೈರಿಯ ಸಾಲಿನಲ್ಲಿ ನಿಂತವರೆಲ್ಲ ಅವನನ್ನು ಕಾಡಿದ್ದರು. ಆ ಬೈರೇಶ ಈಗ ಚಟ್ಟಕ್ಕೆ ಬಿದಿರು ಸೀಳುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ.

"ಊರಿಗೆಲ್ಲ ತಿನ್ನಿಸಿದ್ಲು, ತಾನು ಮಾತ್ರ ಬಾಯಿಗಿಟ್ಟೋಳಲ್ಲ," ಎಂದಳು ಪಕ್ಕದ ಮನೆಯ ಮುತ್ಯಾಲಮ್ಮ. "ಗಂಡ ಹೋದ್ಮೇಲೆ ಮುನೇಶ್ವರನ ಮುಂದೆ ಬಿಟ್ಟುಬಿಟ್ಲಂತೆ. ಎಂಥ ಗಟ್ಟಿ ಮನಸ್ಸು ನೋಡಿ. ಅಲ್ವಾ ಕದಿರಕ್ಕ?"

ಕದಿರಮ್ಮ ದೀಪದ ಬತ್ತಿ ಸರಿಮಾಡಿದಳು. ಆ ಮೌನವನ್ನು ಎಲ್ಲರೂ ಹೌದೆಂದೇ ತಿಳಿದರು.

ಕೆಂಪರಾಜು ಹಾಲುತುಪ್ಪದ ಮಾತು ತೆಗೆದ. ನಾಡಿದ್ದು ಸಮಾಧಿಯ ಗುಡ್ಡೆಯ ಮೇಲೆ ಎಡೆಯಿಡಬೇಕು; ಚಿಕ್ಕಮ್ಮನಿಗೆ ಏನೇನು ಇಷ್ಟವೋ ಅವನ್ನೆಲ್ಲ ಮಾಡಿಸಬೇಕು. ಕೋಡುಬಳೆ, ಅವರೆಕಾಳಿನ ಸಾರು, ಎಲೆಅಡಿಕೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನುಗ್ಗೆಕಾಯಿ ಮಾತ್ರ ಬೇಡ, ದೇವರ ಮುಂದೆ ಬಿಟ್ಟ ಪದಾರ್ಥ ಎಂದು ದೊಡ್ಡಮುನಿಯಪ್ಪ ತೀರ್ಪು ಕೊಟ್ಟ. ಆಮೇಲೆ ಕದಿರಮ್ಮನ ಕಡೆ ತಿರುಗಿದ.

"ಜೊತೇಲಿ ಬಾಳಿದೋಳು ನೀನು. ಸರಿಯಾಗಿ ನೆನಪು ಮಾಡ್ಕೊಂಡು ಹೇಳವ್ವ. ಆಸೆ ಉಳಿಸ್ಕೊಂಡು ಹೋದ ಜೀವ ಹೊಸಲು ದಾಟಲ್ಲ."

"ಮೊದ್ಲು ಮಣ್ಣಾಗ್ಲಿ. ಆಮೇಲೆ ಹೇಳ್ತೀನಿ," ಎಂದಳು ಕದಿರಮ್ಮ.

*

ಹರೆಯದ ಆ ದಿನಗಳಲ್ಲಿ ಮುನಿಲಕ್ಷ್ಮಿ ನುಗ್ಗೆಕಾಯಿ ತಿನ್ನುವುದನ್ನು ನೋಡುವುದೇ ಒಂದು ಚೆಂದವಾಗಿತ್ತು. ಹೋಳನ್ನು ಹಲ್ಲಿನಲ್ಲಿ ಮೆಲ್ಲಗೆ ಹಿಡಿದು, ತಿರುಳೆಲ್ಲ ಎಳೆದುಕೊಂಡು, ಸಿಪ್ಪೆಯನ್ನು ತಟ್ಟೆಯಂಚಿಗೆ ಸೌದೆ ಪೇರಿಸಿದ ಹಾಗೆ ಪೇರಿಸುತ್ತಿದ್ದಳು. ಪಂಪ್‌ಸೆಟ್ಟಿನ ಕರೆಂಟು ಹೊಡೆದು ಗಂಡ ಸತ್ತು ವರ್ಷ ಕಳೆದಿತ್ತು. ಅವಳ ಮುಖದಲ್ಲಿ ನಗು ಮತ್ತೆ ಆಗೀಗ ಇಣುಕಲು ಶುರುವಾಗಿತ್ತು.

ಒಂದು ಮಧ್ಯಾಹ್ನ ಊಟದಲ್ಲಿ ಅವಳು ಪೇರಿಸಿದ ಸಿಪ್ಪೆ ನೋಡಿ ಕದಿರಮ್ಮನ ಗಂಡ ಅಪ್ಪಯ್ಯಣ್ಣ ನಕ್ಕ. "ಇನ್ನೆರಡು ಹೋಳು ಹಾಕಿಸ್ಕೊ ಲಕ್ಷ್ಮಿ, ಗುಡಿಸಲು ಪೂರ್ತಿಯಾಗ್ಲಿ," ಎಂದ. ಅವಳೂ ನಕ್ಕಳು. ಅಷ್ಟೇ. ಆದರೆ ಅಪ್ಪಯ್ಯಣ್ಣ ಹಾಗೆ ನಕ್ಕು ಮಾತಾಡಿದ್ದನ್ನು ಕದಿರಮ್ಮ ಬಹಳ ದಿನದಿಂದ ಕಂಡಿರಲಿಲ್ಲ.

ಸಂಜೆ ಕೊಟ್ಟಿಗೆಯಲ್ಲಿ ಅವಳು ಅತ್ತೆಯ ಹತ್ತಿರ ಹೋದಳು.

"ಗಂಡ ಇಲ್ದೋಳಿಗೆ ನುಗ್ಗೆಕಾಯಿ ಯಾಕೆ ಅತ್ತೆ? ಮೈ ಕಾವೇರ್ತದೆ. ನಾಳೆ ಹೆಚ್ಚುಕಮ್ಮಿ ಆದ್ರೆ ಮನೆ ಮಾನ."

ಅತ್ತೆಗೆ ಆ ಯೋಚನೆಯೇ ಬಂದಿರಲಿಲ್ಲ. ನಿನ್ನಷ್ಟು ಬುದ್ಧಿ ನನಗೂ ಇಲ್ಲ ಎಂದು ಸೊಸೆಯನ್ನು ಹೊಗಳಿದಳು. ಜನ ಹೊಗಳಿ ನುಗ್ಗೆಮರ ಹತ್ತಿಸುತ್ತಾರೆ ಎನ್ನುತ್ತಾರಲ್ಲ, ಕದಿರಮ್ಮ ಅಂದು ಹತ್ತಿದಳು. ಆ ಮರದ ಕೊಂಬೆ ಎಷ್ಟು ಬೇಗ ಮುರಿಯುತ್ತದೆಂದು ಗೊತ್ತಿದ್ದೂ ಹತ್ತಿದಳು.

ಮಾರನೆಯ ದಿನ ಅತ್ತೆ ಸೌಟನ್ನು ಪಾತ್ರೆಯಂಚಿಗೆ ಬಾಗಿಸಿ, ಹೋಳುಗಳನ್ನೆಲ್ಲ ಹಿಂದಕ್ಕೆ ಜಾರಿಸಿ, ಚಿಕ್ಕಸೊಸೆಗೆ ಬರೀ ಸಾರು ಬಡಿಸಿದಳು. ಮುನಿಲಕ್ಷ್ಮಿ ಬೆರಳಿನಿಂದ ಸಾರಿನಲ್ಲಿ ಹುಡುಕಿದಳು. ಕದಿರಮ್ಮನ ತಟ್ಟೆಯತ್ತ ಒಮ್ಮೆ ನೋಡಿದಳು. ಆಮೇಲೆ ಮುದ್ದೆ ಮುರಿದು ಅದ್ದಿದಳು. ಯಾಕೆಂದು ಕೇಳಲಿಲ್ಲ.

*

ಹೊತ್ತು ತಿರುಗುವ ಮುನ್ನ ತೋಟದಲ್ಲಿ, ಅವಳ ಗಂಡನ ಗುಡ್ಡೆಯ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ಕದಿರಮ್ಮ ಮೂರು ಹಿಡಿ ಮಣ್ಣು ಹಾಕಿದಳು. ಅಷ್ಟು ಹೊತ್ತೂ ಅವಳ ಕಣ್ಣಲ್ಲಿ ನೀರಿಲ್ಲದ್ದನ್ನು ಕಂಡ ಹೆಂಗಸರು, ಅತ್ತುಬಿಡು ಕದಿರಕ್ಕ, ಎದೆಯಲ್ಲಿ ಇಟ್ಟುಕೋಬೇಡ ಎಂದರು. ಅವಳು ತಲೆಯಾಡಿಸಿ ಕೈಯ ಮಣ್ಣು ಕೊಡವಿದಳು. ಉಗುರಿನ ಸಂದಿಯ ಮಣ್ಣು ಹೋಗಲಿಲ್ಲ.

*

ಅತ್ತೆ ತೀರಿಕೊಂಡ ಮೇಲೆ ಸೌಟು ಕದಿರಮ್ಮನ ಕೈಗೆ ಬಂತು. ಮೊದಲ ಸಲ ನುಗ್ಗೆಕಾಯಿ ಸಾರು ಮಾಡಿದ ದಿನ ಅವಳು ಎರಡು ಹೋಳು ಎತ್ತಿದ್ದಳು. ಓರಗಿತ್ತಿಯ ತಟ್ಟೆಯ ಮೇಲೆ ಸೌಟು ನಿಂತಿತು. ಇವತ್ತು ಹಾಕಿದರೆ, ಇಷ್ಟು ಕಾಲ ಹಾಕದೆ ಇದ್ದದ್ದು ಯಾಕೆಂಬ ಮಾತು ಏಳುತ್ತದೆ. ಸೌಟು ಹಿಂದಕ್ಕೆ ಬಾಗಿತು. ನಾಳೆ ಹಾಕಿದರಾಯಿತು ಎಂದುಕೊಂಡಳು. ಆ ನಾಳೆಯೊಳಗೆ ಇಬ್ಬರ ತಲೆಯೂ ನರೆಯಿತು. ಆಮೇಲಾಮೇಲೆ ಕೈಗೇ ಅಭ್ಯಾಸವಾಯಿತು. ನೋಡುವವರು ಅದಕ್ಕೆ ಹರಕೆಯೆಂದು ಹೆಸರಿಟ್ಟರು.

ಕಡೆಗೆ ಅಪ್ಪಯ್ಯಣ್ಣನೂ ಹೋದ. ತಿಥಿ ಕಳೆದ ಮಾರನೆಯ ದಿನ ಕದಿರಮ್ಮ ಏಳಲಾರದೆ ಮೂಲೆಯಲ್ಲಿ ಕೂತಿದ್ದಳು. ಮುನಿಲಕ್ಷ್ಮಿ ತಾನೇ ಒಲೆ ಹಚ್ಚಿ, ಮರದಿಂದ ಕಾಯಿ ಕಿತ್ತು, ಸಾರು ಮಾಡಿ ತಟ್ಟೆ ತಂದಿಟ್ಟಳು. ತಟ್ಟೆಯ ತುಂಬ ಹೋಳು.

"ತಿನ್ನಕ್ಕ. ನಿಂಗಿಷ್ಟ ಅಲ್ವಾ," ಎಂದಳು.

ಆ ದನಿಯಲ್ಲಿ ಚುಚ್ಚು ಇದೆಯೇನೋ ಎಂದು ಕದಿರಮ್ಮ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವಳು ಒಂದೂ ಬಿಡದೆ ತಿಂದಳು. ಎದುರಿಗೆ ಕೂತ ಮುನಿಲಕ್ಷ್ಮಿ ತನಗೆ ತಾನೇ ಬರೀ ಸಾರು ಬಡಿಸಿಕೊಂಡಳು.

*

ಎಲ್ಲರೂ ಮಿಂದು ಬಂದರು. ಪೆಟ್ಟಿಗೆಯಿದ್ದ ಜಾಗವನ್ನು ಸಾರಿಸಿ ದೀಪ ಹಚ್ಚಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮುತ್ಯಾಲಮ್ಮ ತನ್ನ ಮನೆಯಿಂದ ಅನ್ನ ಸಾರು ಹೊತ್ತು ತಂದಳು. ಮುಚ್ಚಳ ತೆಗೆದರೆ ನುಗ್ಗೆಕಾಯಿ ಸಾರು. ಮೊನ್ನೆ ಲಕ್ಷ್ಮಕ್ಕನೇ ಕಿತ್ತು ಕೊಟ್ಟ ಕಾಯಿ, ಮನೆಯಲ್ಲಿ ಬೇರೇನೂ ಇರಲಿಲ್ಲ, ತಪ್ಪು ತಿಳಿಯಬೇಡಿ ಎಂದು ಸಂಕೋಚಪಟ್ಟಳು.

ಕದಿರಮ್ಮ ಅವಳ ಕೈಯಿಂದ ಸೌಟು ತೆಗೆದುಕೊಂಡಳು. ಗೂಡಿನಲ್ಲಿದ್ದ ಸತ್ತವಳ ತಟ್ಟೆ ತಂದು, ಅನ್ನ ಹಾಕಿ, ಸಾರಿಗೆ ಸೌಟಿಳಿಸಿದಳು. ಕೈ ತನ್ನಷ್ಟಕ್ಕೆ ಪಾತ್ರೆಯಂಚಿಗೆ ಬಾಗಿತು; ಹೋಳುಗಳು ಹಿಂದಕ್ಕೆ ಜಾರಿದವು. ಅವಳು ಸೌಟನ್ನೇ ನೋಡುತ್ತಾ ನಿಂತಳು. ಮತ್ತೆ ಇಳಿಸಿ, ತಳದಿಂದ ಎತ್ತಿ, ಹೋಳುಗಳನ್ನೆಲ್ಲ ತಟ್ಟೆಗೆ ಸುರಿದು ದೀಪದ ಮುಂದೆ ಇಟ್ಟಳು.

"ಬ್ಯಾಡ ಕಣವ್ವ," ಎಂದ ದೊಡ್ಡಮುನಿಯಪ್ಪ. "ಬಿಟ್ಟಿದ್ ಪದಾರ್ಥ ಅದು."

"ಅವಳು ಬಿಟ್ಟಿರ್ಲಿಲ್ಲ ದೊಡ್ಡಯ್ಯ."

"ಮತ್ತೆ?"

"ನಾನು ಬಡಿಸ್ತಿರ್ಲಿಲ್ಲ."

ಗೋಡೆಗೆ ಒರಗಿ ಕೂತಿದ್ದ ಮುದುಕಿಯರು ನೆಲ ನೋಡಿದರು. ದೊಡ್ಡಮುನಿಯಪ್ಪ ಹೆಗಲ ಟವೆಲ್ ತೆಗೆದು ಸುಮ್ಮನೆ ಮಡಿಸಿ, ಮತ್ತೆ ಹೆಗಲಿಗೆ ಹಾಕಿಕೊಂಡ. ಕೆಂಪರಾಜು, "ಕೂತ್ಕೊಳಮ್ಮ, ನಿನ್ನೆಯಿಂದ ಏನೂ ತಿಂದಿಲ್ಲ," ಎಂದ.

ಅವಳು ದೀಪಕ್ಕೆ ಎದುರಾಗಿ ಕೂತಳು. ಮುತ್ಯಾಲಮ್ಮ ಬಡಿಸಲು ಬಗ್ಗಿದಳು. ಪಾತ್ರೆಯಲ್ಲಿ ಹೋಳು ಉಳಿದಿರಲಿಲ್ಲ. ತಿಳಿಸಾರು ಅನ್ನದ ಸುತ್ತ ಹರಡಿತು. ದೀಪದ ಆಚೆ ಮುನಿಲಕ್ಷ್ಮಿಯ ತಟ್ಟೆಯಿಂದ ಇನ್ನೂ ಹಬೆಯೇಳುತ್ತಿತ್ತು. ಈಚೆ ಕದಿರಮ್ಮನ ಬೆರಳುಗಳು ಬರೀ ಸಾರಿನಲ್ಲಿ ಮೆಲ್ಲಗೆ ಹುಡುಕುತ್ತಿದ್ದವು.