ಗಾಳಿಕಿಂಡಿಯ ಹಳದಿ ನಾಲಿಗೆ

ಒಂದಾನೊಂದು ಮನೆಗೆ ನಲವತ್ತು ಬಾಯಿ, ಒಂದೇ ಒಂದು ಮೂಗು ಇತ್ತಂತೆ, ಆ ಮನೆಯ ಯಜಮಾನ — ಮೇಣದಬತ್ತಿಯ ಉರಿ ಫಕ್ಕನೆ ಎಡಕ್ಕೆ ಮಲಗಿತು, ಮಂಡಿಯೂರಿ ಕೂತಿದ್ದವಳು ಇನ್ನಷ್ಟು ಬಗ್ಗಿದಳು, ಇಲ್ಲಿ, ಗೋಡೆಯೂ ನೆಲದ ಹಲಗೆಯೂ ಸೇರುವ ಕಡೆ, ಕಿರುಬೆರಳು ತೂರುವಷ್ಟು ಸಂದು, ಗಾಳಿ ಹಾವಿನ ಮೈಯಂತೆ ತಣ್ಣಗೆ ಹರಿದು ಒಳಗೆ ಬರುತ್ತಿದೆ, ಇದು ಹದಿನೇಳನೆಯದು, ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಹದಿನೇಳು ಅಂತ ಬರೆದಳು, ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ತಾನೇ ಗೀಚಿಕೊಂಡ ಮನೆಯ ನಕ್ಷೆಯಲ್ಲೂ ಹದಿನೇಳು — ಆ ಮನೆಯ ಯಜಮಾನ ಮಹಾ ಬುದ್ಧಿವಂತ, ನಲವತ್ತು ಬಾಯಿಗಳನ್ನು ಹಾಗೇ ಬಿಟ್ಟು ಮೂಗನ್ನು ಮುಚ್ಚಿಬಿಟ್ಟ — ಇಲ್ಲ, ಇದು ಅಜ್ಜಿಯ ಕಥೆಯಲ್ಲ, ಅಜ್ಜಿಯ ಕಥೆಗಳಲ್ಲಿ ಗಾಳಿಗೆ ಒಬ್ಬ ತಾಯಿಯಿದ್ದಳು, ಸಂಜೆಯಾದರೆ ಬಾಗಿಲಲ್ಲಿ ನಿಂತು ಮಗನೇ ಬಾರೋ ಅಂತ ಕರೆಯುತ್ತಿದ್ದಳು, ಆ ಕಥೆಗಳಲ್ಲಿ ಯಾರಿಗೂ ಇಷ್ಟು ಸಿಟ್ಟಿರಲಿಲ್ಲ, ಇದು ಅವಳು ಅಜ್ಜಿಯ ಖಾಲಿ ಕೋಣೆಯಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕಟ್ಟುತ್ತಿರುವ ಕಥೆ. ಮೇಲೆ ನೋಡಬಾರದು ಅಂದುಕೊಂಡೇ ನೋಡಿದಳು. ಅಲ್ಲೇ ಇದೆ. ಹಿಂಗೋಡೆಯಲ್ಲಿ, ಸೂರಿನ ಕೆಳಗೆ, ಒಂದು ಗೇಣು ಚೌಕದ ಗಾಳಿಕಿಂಡಿ ಇದ್ದ ಜಾಗದಲ್ಲಿ, ಉಬ್ಬಿ, ಹೊರಚಾಚಿ, ಜೋತು, ಗಟ್ಟಿಯಾಗಿ ಹೋದ ಹಳದಿ ನಾಲಿಗೆ.

ಹಾಲ್‌ನಿಂದ ಅಪ್ಪನ ದನಿ, ಫೋನಿನಲ್ಲಿ, ಮದುವೆ ಮಾತುಕತೆಯ ಗತ್ತಿನಲ್ಲಿ, ಎಂಟು ಕಿಟಕಿ ಸರ್, ಎಲ್ಲಾ ಎರಡು ಗಾಜಿಂದು, ಬಿಳೀ ಚೌಕಟ್ಟು, ರಸ್ತೆ ಕಡೇವು ಮೊದಲು ಹಾಕಿಬಿಡಿ — ರಸ್ತೆ ಕಡೇವು ಮೊದಲು! ರಸ್ತೆಗೆ ಚಳಿಯಾಗುತ್ತಿದೆಯೇ? ಹೋಗಿ ಬರುವವರು ತಲೆಯೆತ್ತಿ ನೋಡಬೇಕು, ಆಹಾ ಎಂಥಾ ಕಿಟಕಿ ಅನ್ನಬೇಕು, ಹಿಂದಿನ ಕೋಣೆಯನ್ನು ಯಾರು ನೋಡುತ್ತಾರೆ, ಹಿಂದಿನ ಕೋಣೆಯಲ್ಲಿ ಅಜ್ಜಿ ಮಾತ್ರ ಮಲಗುವುದು. ಗಾಳಿ ಎಲ್ಲೆಲ್ಲಿ ಸೋರುತ್ತದೆಂದು ನೋಡಲು ಗುರುವಾರ ಬಂದಿದ್ದ ಅಳತೆಯವರು ಅಷ್ಟು ಬಿಡಿಸಿ ಹೇಳಿದ್ದರಲ್ಲ, ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು ನಡುವೆ ದೊಡ್ಡ ಫ್ಯಾನಿಟ್ಟು ಮನೆಯ ಗಾಳಿಯನ್ನೆಲ್ಲ ಹೊರಗೆ ಸೆಳೆದಾಗ ಮನೆಯ ಸಂದುಸಂದೂ ಸಿಳ್ಳೆ ಹಾಕಿತ್ತು, ಅಟ್ಟದ ಮುಚ್ಚಳ ತಟತಟ ಕುಣಿದಿತ್ತು, ನಿಮ್ಮ ಚಳಿ ಕಿಟಕೀಲಿಲ್ಲ ಸ್ವಾಮಿ, ಅಂದಿದ್ದರು, ಕೆಳಗೆ ನೆಲದ ಸಂದಲ್ಲಿ ಬರುತ್ತೆ, ಮೇಲೆ ಅಟ್ಟದಲ್ಲಿ ಹೋಗುತ್ತೆ, ಅವೆರಡನ್ನ ಮುಚ್ಚಿ, ಅಟ್ಟಕ್ಕೆ ದಪ್ಪಗೆ ಹೊದಿಕೆ ಹಾಸಿ, ಕಿಟಕಿ ಕಟ್ಟಕಡೆಗೆ, ಆದ್ರೆ ಎಲ್ಲಕ್ಕಿಂತ ಮೊದಲು — ಇಲ್ಲಿಗೆ ಬಂದು, ಇದೇ ಬಾಗಿಲಲ್ಲಿ ನಿಂತು, ಮೂಗು ಸುಕ್ಕುಗಟ್ಟಿಸಿ, ಮೂಲೆಯಲ್ಲಿದ್ದ ಸಿಲಿಂಡರ್ ಹೀಟರ್ ನೋಡಿ, ಇದನ್ನ ಈ ರೂಮಲ್ಲಿ ಯಾರಿಟ್ಟಿದ್ದು? ಗ್ಯಾಸು ಉರಿದರೆ ನೀರಾವಿ ಬಿಡುತ್ತೆ, ಗಾಳಿಕಿಂಡಿ ಬೇರೆ ಮುಚ್ಚಿದೀರಿ, ಆವಿ ಎಲ್ಲಿಗೆ ಹೋಗ್ಬೇಕು? ಆವಿ ಹಾಗಿರಲಿ, ವಿಷಗಾಳಿ ಕುಡಿದು ಮಲಗಿದವರು ಏಳದೇ ಹೋಗಿದ್ರೆ? ಅಪ್ಪ ಏನು ಮಾಡಿದ? ನಕ್ಕ. ಹಳೇ ಮನೆ ಅಂದ್ಮೇಲೆ ಅಷ್ಟೂ ಇರಲ್ವಾ ಸರ್, ಕಾಫಿ ತಗೋತೀರಾ, ಅಂದ.

ನಕ್ಕಿದ್ದು ಅವನೊಬ್ಬನೇ ಅಲ್ಲ, ಅದೇ ಉರಿಯುವುದು, ಕಳೆದ ಚಳಿಗಾಲ ಅಜ್ಜಿ ಒಂದೇ ಒಂದು ಸಲ, ತಲೆ ಮೇಲೆ ಯಾರೋ ಊದಿದ ಹಾಗಾಗುತ್ತೆ ಕಣೋ, ಅಂದದ್ದೇ ತಡ, ಅಪ್ಪ ಕೆಲಸದಿಂದ ಬರುವಾಗಲೇ ಸಂದು ಮುಚ್ಚುವ ಫೋಮ್ ಮೂರು ಡಬ್ಬಿ ಹೊತ್ತು ತಂದ, ಕೋಟು ಬಿಚ್ಚಲಿಲ್ಲ, ಕೈ ತೊಳೆಯಲಿಲ್ಲ, ಮೇಜು ಹತ್ತಿ ನಿಂತ, ಡಬ್ಬಿ ಅಲ್ಲಾಡಿಸಿ ಅಲ್ಲಾಡಿಸಿ ಕೊಟ್ಟವಳು ಇವಳೇ, ಬುಸ್ ಅಂತ ಕಿಂಡಿಯೊಳಗೆ ಹೋಗಿ ತೆಪ್ಪಗೆ ಕೂತ ಫೋಮು ಎಲ್ಲರೂ ನೋಡುತ್ತಿದ್ದಂತೆ ಊದತೊಡಗಿತು, ಹೊರಗೆ ಚಾಚಿತು, ಜೋತುಬಿತ್ತು, ಇನ್ನು ನಿನಗೆ ಚಳಿಯ ಮಾತೇ ಇಲ್ಲ ಬಿಡಮ್ಮ ಅಂತ ಅವನು ಕೈ ಒರೆಸಿಕೊಂಡರೆ ಅಜ್ಜಿ ಮೇಲೆ ನೋಡಿ, ಇದೇನೋ ಇದು, ಗೋಡೆ ನನಗೆ ನಾಲಿಗೆ ಚಾಚಿ ಅಣಕಿಸ್ತಿದೆಯಲ್ಲೋ, ಅಂದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಅಜ್ಜಿಯ ಕಾಲಿನ ಚಳಿ ಹೋಗಲಿಲ್ಲ, ಹೇಗೆ ಹೋದೀತು, ಹದಿನೇಳು ಸಂದು ತೆರೆದೇ ಇವೆಯಲ್ಲ, ಅಪ್ಪ ಸಿಲಿಂಡರ್ ಹೀಟರ್ ತಂದ, ಕಿಟಕಿ ಬೆವರಿತು, ಗೋಡೆ ಬೆವರಿತು, ಬೀರುವಿನ ಹಿಂದೆ ಮೊದಲು ಸಾಸಿವೆ ಕಾಳಿನಷ್ಟು ಕಪ್ಪು, ಆಮೇಲೆ ಅಂಗೈಯಷ್ಟು, ಆಮೇಲೆ ಒಂದು ಕುರಿ ಮಲಗಿದಷ್ಟು, ಅಪ್ಪ ಅದರ ಮೇಲೆ ಬಣ್ಣ ಬಳಿದ, ತಿಂಗಳಿಗೆ ಮತ್ತೆ ಕಪ್ಪು, ಮತ್ತೆ ಬಳಿದ. ಅಜ್ಜಿ ಕೆಮ್ಮತೊಡಗಿದಳು. ಕೆಮ್ಮು ಕಥೆಗಳ ನಡುವೆ ಬರುತ್ತಿತ್ತು ಮೊದಮೊದಲು, ಆಮೇಲೆ ಕಥೆಗಳೇ ಕೆಮ್ಮಿನ ನಡುವೆ, ಆಮೇಲೆ ಕಥೆಗಳಿಲ್ಲ.

ಎಂಟು ದಿನ ಆಸ್ಪತ್ರೆ. ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಇವರು ಮಲಗೋ ರೂಮಲ್ಲಿ ಬೂಷ್ಟು ಏನಾದ್ರೂ ಹಿಡಿದಿದೆಯಾ? ಅಂದರು. ಇಲ್ಲ, ಅಂದ ಅಪ್ಪ. ಕಣ್ಣು ಮಿಟುಕಿಸದೆ. ಇಲ್ಲ ಮೇಡಂ, ನೀಟಾಗಿದೆ. ಅವಳು ಹಾಸಿಗೆಯ ಈ ಪಕ್ಕ ನಿಂತಿದ್ದಳು, ಬಾಯಿ ತೆರೆದಳು, ಮುಚ್ಚಿದಳು, ಅಪ್ಪನ ಮರ್ಯಾದೆ — ಯಾವ ಮರ್ಯಾದೆ, ಅಜ್ಜಿಯ ಎದೆ ಸಿಳ್ಳೆ ಹೊಡೆಯುತ್ತಿರುವಾಗ ಯಾರ ಮರ್ಯಾದೆ, ಅವನು ಹೊರಗೆ ಹೋದ ಮೇಲೆ ಡಾಕ್ಟರಮ್ಮನ ಹಿಂದೆ ಓಡಿಹೋಗಿ ಹೇಳಿದಳಲ್ಲ, ಇದೆ ಮೇಡಂ, ಗೋಡೆ ತುಂಬಾ ಇದೆ, ಹೇಳಿಬಂದು ಕೂತಾಗ ಅಜ್ಜಿ ಮಾಸ್ಕ್ ಸರಿಸಿ, ಪುಟ್ಟೀ, ನನ್ನ ಆ ರೂಮಿಗೆ ಕಳಿಸ್ಬೇಡ್ವೇ, ಅಲ್ಲಿ ಬಿಟ್ಟ ಉಸಿರು ಗೋಡೆಗೆ ಬಡಿದು ವಾಪಸ್ ಬರುತ್ತೆ, ಅಂದಳು. ನೀನು ಬರೋ ಹೊತ್ತಿಗೆ ಕಿಂಡಿ ತೆಗೆದಿರ್ತೀನಿ ಅಜ್ಜಿ. ನಿಮ್ಮಪ್ಪ ಬಿಡ್ತಾನಾ? ಅಪ್ಪನ್ನ ನಾನು ನೋಡ್ಕೋತೀನಿ. ನೀನೇನು ನೋಡ್ಕೋತೀಯ, ಅವನು ಐದು ವರ್ಷದವನಿದ್ದಾಗ ಲೋಟ ಒಡೆದು ಬೆಕ್ಕು ಒಡೀತು ಅಂದಿದ್ದ ಕಣೇ, ನಮ್ಮನೇಲಿ ಬೆಕ್ಕೇ ಇರಲಿಲ್ಲ — ನಗಲು ಹೋಗಿ ಅಜ್ಜಿಗೆ ಕೆಮ್ಮು ಹತ್ತಿತು, ನರ್ಸು ಬಂದು ಬೈದಳು. ಎರಡು ದಿನ ಅಮ್ಮನೂ ಅವಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ತಿಕ್ಕಿದರು, ಹಾಸಿಗೆ ಎಸೆದರು, ಹೀಟರ್ ಹಿತ್ತಲಿಗೆ ಹೋಯಿತು, ಅಪ್ಪನದು ಒಂದೇ ಮಾತು, ಆ ಕಿಂಡಿಗೆ ಮಾತ್ರ ಕೈ ಹಚ್ಬೇಡಿ.

ಅವಳ ಫೋನು. ಅಮ್ಮ. ಬಿಟ್ಬಿಟ್ರು ಕಣೇ, ಸಂಜೆ ಅಂದೋರು ಈಗಲೇ ಬಿಟ್ರು, ಗಾಡಿ ಹತ್ತಿದ್ವಿ, ಇನ್ನರ್ಧ ಗಂಟೆ. ಅರ್ಧ ಗಂಟೆ! ಮೇಣದಬತ್ತಿ ಆರಿಸಿದಳು, ಅಡುಗೆಮನೆಯ ಡ್ರಾಯರ್ ಎಳೆದಳು, ಬ್ರೆಡ್ಡು ಕುಯ್ಯುವ ಗರಗಸದ ಚಾಕು, ಅದೇ ಸರಿ, ಹಾಲ್ ದಾಟುವಾಗ ಅಪ್ಪ ಫೋನು ಕೆಳಗಿಟ್ಟ. ಎಲ್ಲಿಗೆ ಅದು? ಕಿಂಡಿಗೆ. ತಲೆ ಕೆಟ್ಟಿದೆಯಾ, ಆಸ್ಪತ್ರೆಯಿಂದ ಬರ್ತಿರೋ ಮುದುಕಿಗೆ ಚಳಿಗಾಳಿ ಹೊಡೆಸ್ತೀಯಾ? ತೆರೆದು ಮುಚ್ಚೋ ಜಾಲರಿ ತಂದಿದೀನಪ್ಪ, ಅಳತೆಯವರು ಹೇಳಿದ್ದೇ. ಓಹೋ ಇಂಜಿನಿಯರಮ್ಮ, ಕಿಟಕಿ ಬರಲಿ, ಆಮೇಲೆ ನೋಡೋಣ. ಕಿಟಕಿ ಬರೋಕೆ ಎರಡು ತಿಂಗಳು, ಅಲ್ಲೀವರೆಗೆ ಅಜ್ಜಿ ಉಸಿರು ಹಿಡ್ಕೊಂಡಿರ್ಬೇಕಾ? ಬಾಯಿ ಜಾಸ್ತಿಯಾಯ್ತು ನಿಂದು. ಡಾಕ್ಟರ್ ಹತ್ರ ಇಲ್ಲ ಅಂದ್ಯಲ್ಲಪ್ಪ. ಏನು ಇಲ್ಲ ಅಂದೆ? ಬೂಷ್ಟು. ಅವನು ಕಿಟಕಿಗಳ ಬಣ್ಣದ ಪುಸ್ತಕವನ್ನು ಮುಂದಕ್ಕೆ ಒಂದು ಹಾಳೆ, ಹಿಂದಕ್ಕೆ ಒಂದು ಹಾಳೆ ಮಗುಚಿದ, ಆಗ ಅವಳಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಗಿ ಗೊತ್ತಾಯಿತು, ಇವನಿಗೆ ಕಿಟಕಿ ಬೇಕಿಲ್ಲ, ಎಂಟಲ್ಲ, ಎಂಬತ್ತು ಕಿಟಕಿ ಬೇಕಾದರೂ ಹಾಕಿಸುತ್ತಾನೆ, ಆ ಒಂದು ನಾಲಿಗೆಯನ್ನು ಕೀಳುವುದಿಲ್ಲ, ಕಿತ್ತರೆ ತಾನು ಮಾಡಿದ್ದು ತನ್ನ ಕೈಗೇ ಬರುತ್ತದೆ.

ಅಜ್ಜಿಯ ಕೋಣೆಯಲ್ಲಿ ಮೇಜು ಎಳೆದಳು, ಅದರ ಕಾಲುಗಳು ಕಿರ್ರೆಂದವು, ಕಿರ್ರೆನ್ನಲಿ, ಅಪ್ಪನಿಗೆ ಕೇಳಲಿ, ಹತ್ತಿ ನಿಂತರೆ ನಾಲಿಗೆ ಮುಖದೆದುರಿಗೇ, ಮೇಲೆಲ್ಲ ಧೂಳು, ಹಿಡಿದರೆ ಒಣ ರೊಟ್ಟಿಯಂತೆ ಗಟ್ಟಿ, ಚಾಕು ಕೊಯ್ಯತೊಡಗಿತು, ಗರ್ ಗರ್, ಹಳದಿ ಪುಡಿ ಕಣ್ಣಿಗೆ, ಕೂದಲಿಗೆ, ಬಾಯಿಗೆ, ಥೂ, ಇದು ಮೊದಲ ಡಬ್ಬಿ, ಇದು ಎರಡನೆಯದು, ಇದು ನಾನು ಅಲ್ಲಾಡಿಸಿ ಕೊಟ್ಟದ್ದು, ಇದು ನಾನು ನಕ್ಕಿದ್ದು, ಇದು ಇಲ್ಲ ಮೇಡಂ ನೀಟಾಗಿದೆ, ಗರ್ ಗರ್, ಮುಂಗೈ ಬಾವು ಬಂದಂತೆ ನೋವು, ನಾಲ್ಕು ಬದಿ ಕೊಯ್ದು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು, ಬರಲಿಲ್ಲ, ಇನ್ನೊಮ್ಮೆ, ಬರುತ್ತೀಯೋ ಇಲ್ಲವೋ, ಪಚಕ್ಕೆಂದು ಕಿತ್ತು ಬಂತು, ಕೈ ಜಾರಿ ನೆಲಕ್ಕೆ ಬಿತ್ತು. ಗಾಳಿ. ಒಳಗೆ ಬರುವ ಗಾಳಿಯಲ್ಲ, ಅವಳ ಬೆನ್ನ ಕಡೆಯಿಂದ ಎದ್ದು, ಕಿವಿ ಸವರಿ, ಕಿಂಡಿಯಿಂದ ಆಚೆ ಹೋಗುತ್ತಿರುವ ಬೆಚ್ಚಗಿನ, ಹಳೆಯ, ಹುಳಿವಾಸನೆಯ ಗಾಳಿ. ಜಾಲರಿಯನ್ನು ಒತ್ತಿದಳು, ನಾಲ್ಕು ಸ್ಕ್ರೂ, ಒಂದು ಸೊಟ್ಟಗೆ, ಇರಲಿ, ಆಯಿತು, ಅಜ್ಜಿ, ಆಯಿತು.

ಗಾಡಿಯ ಹಾರ್ನ್ ಕೇಳಿತು, ಅಮ್ಮನ ದನಿ, ನಿಧಾನ ಅತ್ತೆ, ನಿಧಾನ, ಅವಳು ಹೇಳಬೇಕಾದ್ದನ್ನೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡು ತಿರುಗಿದಳು, ಒಂದೊಂದೂ ಚಾಕುವಿನಷ್ಟು ಹರಿತ, ಅಪ್ಪ ಬಾಗಿಲಲ್ಲಿರಲಿಲ್ಲ, ಒಳಗೆ ಬಂದಿದ್ದ, ಬಗ್ಗಿದ್ದ, ನೆಲದಿಂದ ಅದನ್ನು ಎತ್ತಿಕೊಂಡಿದ್ದ, ಈ ಬದಿ ಹಳದಿ, ತಿರುಗಿಸಿದ, ಗೋಡೆಯೊಳಗಿದ್ದ ಆ ಬದಿ ಕಪ್ಪು, ತುಪ್ಪಳದಂತೆ ಒದ್ದೆ ಕಪ್ಪು, ಮತ್ತೆ ತಿರುಗಿಸಿದ, ಹಳದಿ, ಮತ್ತೆ, ಕಪ್ಪು, ಹೆಬ್ಬೆರಳಿನಿಂದ ಒರೆಸಿದ, ಹೆಬ್ಬೆರಳು ಕಪ್ಪಾಯಿತು, ಅದನ್ನು ಷರ್ಟಿಗೆ ಒರೆಸಲಿಲ್ಲ, ಆ ತುಂಡನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ನಿಂತ, ಅವಳ ಒಂದು ಮಾತೂ ಕದಲಲಿಲ್ಲ, ನಾಲಿಗೆ, ಹಳದಿ, ಕಪ್ಪು, ಅಪ್ಪನ ಕೈಯಲ್ಲಿ.