ಬೆಂಚಿನ ತಲೆದೆಸೆ

"ನಾನು ಹೇಳೋ ತನಕ ರಾಡು ಮುಟ್ಬೇಡಿ, ಅತ್ತಿಗೆ," ಎಂದು ಪೈಲ್ವಾನ ಬೆಂಚಿನ ಮೇಲೆ ಅಂಗಾತ ಮಲಗಿದ. "ಮುಟ್ಟಿದ್ರೆ ಲೆಕ್ಕಕ್ಕಿಲ್ಲ."

"ಗೊತ್ತು," ಎಂದು ಅವಳು ಅವನ ತಲೆದೆಸೆಗೆ ಹೋಗಿ ನಿಂತಳು.

ಜಿಮ್ಮಿನಲ್ಲಿ ಎಲ್ಲರೂ ಅವನನ್ನು ಪೈಲ್ವಾನ ಅಂತಲೇ ಕರೆಯುತ್ತಿದ್ದರು. ಅವಳ ಗಂಡನ ಜೀವದ ಗೆಳೆಯ. ಎರಡು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ, ಇನ್ನಾರೂ ಬಂದಿರದ ಮುಂಜಾನೆ, ಎಂಬತ್ತು ಕೆ.ಜಿ.ಯ ರಾಡು ಕುತ್ತಿಗೆಗೆ ಬಿದ್ದು ಗಂಡ ತೀರಿಕೊಂಡಾಗ ಎಲ್ಲರಿಗಿಂತ ಹೆಚ್ಚು ಗೋಳಾಡಿದವನು ಇವನೇ. "ನಾನು ಬರೋದ್ರೊಳಗೆ ಒಬ್ನೇ ಎತ್ತೋಕೆ ಹೋಗಿದ್ದಾನೆ. ಹತ್ತು ನಿಮಿಷ ಮುಂಚೆ ಬಂದಿದ್ರೆ..." ಎಂದು ಅವಳ ಅತ್ತೆಯ ಕಾಲು ಹಿಡಿದು ಅತ್ತಿದ್ದ.

ಮೊದಲ ವರ್ಷ ಅವಳು ಹೊಸಿಲು ದಾಟಲಿಲ್ಲ. ಬೆಳಿಗ್ಗೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ವ್ಯಾಯಾಮದ ವಿಡಿಯೊ ಹಾಕಿಕೊಂಡು, ಅದರೊಳಗಿನ ಹೆಂಗಸು ಹೇಳಿದಂತೆ ಬಗ್ಗುವಳು, ಜಿಗಿಯುವಳು. ದಣಿದರೆ ಯೋಚನೆ ನಿಲ್ಲುತ್ತಿತ್ತು.

"ಆ ಫೋನಿನೋಳು ಹೇಳಿದ್ದಕ್ಕೆಲ್ಲಾ ಕುಣೀತೀಯ," ಎನ್ನುತ್ತಿದ್ದರು ಅತ್ತೆ. "ನಾನು ಊಟ ಮಾಡು ಅಂದ್ರೆ ಮಾತ್ರ ಕಿವಿ ಕೇಳ್ಸಲ್ಲ."

ಆಮೇಲೊಂದು ದಿನ, ಗಂಡನನ್ನು ಕೊಂದ ಭಾರ ಎಷ್ಟಿರುತ್ತದೆಂದು ನೋಡಲು ಜಿಮ್ಮಿಗೆ ಹೋದಳು. ಬರಿಯ ರಾಡೇ ಕೈಗೆ ಬರಲಿಲ್ಲ. ಅಲ್ಲಿನ ಕೋಚು ನಗಲಿಲ್ಲ. "ವಿಡಿಯೊ ಬಿಡ್ಬೇಡಿ. ಉಸಿರಿಗೆ, ಸೊಂಟಕ್ಕೆ ಅದು. ಬಲಕ್ಕೆ ಇದು. ಮೂರು ದಿನ ಮನೇಲಿ, ಮೂರು ದಿನ ಇಲ್ಲಿ."

ಅವರೇ ಒಂದು ಸಂಜೆ ಹೇಳಿದ್ದು: "ಒಬ್ರೇ ಇದ್ದಾಗ ರಾಡಿನ ತುದಿಗೆ ಪ್ಲೇಟು ತಡೆಯೋ ಕ್ಲಿಪ್ ಹಾಕ್ಬಾರ್ದು. ಕೈ ಸೋತ್ರೆ ಒಂದು ಕಡೆ ವಾಲಿಸ್ಬಹುದು, ಪ್ಲೇಟು ಜಾರಿ ಬೀಳ್ತವೆ, ಜೀವ ಉಳಿಯುತ್ತೆ. ಸಪೋರ್ಟಿಗೆ ಯಾರಾದ್ರೂ ನಿಂತಿದ್ರೆ ಮಾತ್ರ ಕ್ಲಿಪ್. ಇಲ್ಲಿ ಎಲ್ರಿಗೂ ಮೊದಲ್ನೇ ಪಾಠನೇ ಅದು."

ಅವಳ ಕೈಯ ಡಂಬೆಲ್ ಅರ್ಧಕ್ಕೇ ನಿಂತಿತು. ಗಂಡ ಸತ್ತ ದಿನ ಇಲ್ಲಿಗೆ ಓಡಿಬಂದಾಗ ಬೆಂಚಿನ ಪಕ್ಕ ನೆಲಕ್ಕಿಳಿಸಿದ್ದ ರಾಡನ್ನು ಅವಳು ಕಂಡಿದ್ದಳು. ಎರಡೂ ತುದಿಗೆ ಕ್ಲಿಪ್ ಬಿಗಿದಿತ್ತು.

ಯಾರಿಗೂ ಹೇಳಲಿಲ್ಲ. ಎಂಟು ತಿಂಗಳು ಹಲ್ಲು ಕಚ್ಚಿ ತೂಕ ಏರಿಸಿದಳು. ನೆಲದಿಂದ ಎಂಬತ್ತು ಎತ್ತಿದ ದಿನ ಪೈಲ್ವಾನನೇ ಚಪ್ಪಾಳೆ ತಟ್ಟಿದ. "ಇನ್ಮೇಲೆ ನಂಗೆ ಸಪೋರ್ಟಿಗೆ ಅತ್ತಿಗೇನೇ!" ಅವಳು ಕಾಯುತ್ತಿದ್ದುದು ಆ ಮಾತಿಗೇ.

ಈಗ, ಐದನೆಯ ಸಲ ಪೈಲ್ವಾನನ ಎದೆಗಿಳಿದ ರಾಡು ಮೇಲೇಳಲಿಲ್ಲ.

"ಹಾಂ, ಅತ್ತಿಗೆ."

ಅವಳು ಎರಡೂ ಕೈಯಲ್ಲಿ ರಾಡನ್ನು ಹಿಡಿದಳು. ಎತ್ತಲಿಲ್ಲ.

"ಕ್ಲಿಪ್ ಹಾಕಿತ್ತು," ಎಂದಳು.

"ಎತ್ತಿ, ಅತ್ತಿಗೆ..."

"ಅವತ್ತು. ಎರಡೂ ಕಡೆ. ಒಬ್ರೇ ಇದ್ದೋರು ಯಾಕೆ ಹಾಕ್ಕೋತಾರೆ?"

ಅವನ ಮುಖ ಕೆಂಪೇರಿ, ಕಪ್ಪಿಟ್ಟಿತು. ಹಿಮ್ಮಡಿಗಳು ನೆಲ ಒದ್ದವು. ಹಾಡಿನ ಅಬ್ಬರದಲ್ಲಿ ಯಾರೂ ಇತ್ತ ತಿರುಗಲಿಲ್ಲ. ವಿಡಿಯೊ ಮುಂದೆ ಮೊಣಕೈಯೂರಿ ಹಲಗೆಯಂತೆ ಮೈ ಚಾಚಿ ನಿಮಿಷಗಟ್ಟಲೆ ತಡೆದುಕೊಂಡು ರೂಢಿಯಾದವಳಿಗೆ ಅದೇನು ದೊಡ್ಡ ಹೊತ್ತಲ್ಲ.

"ನಾನಿದ್ದೆ," ಎಂದ. ದನಿಯಲ್ಲಿ ಗಾಳಿಯಷ್ಟೇ ಇತ್ತು. "ಫೋನ್ ಬಂತು... ಹೊರಗೆ ಹೋದೆ... ಎರಡೇ ನಿಮಿಷ..."

ಇಷ್ಟು ದಿನ ಅವಳ ಯೋಚನೆ ಈ ಮಾತಿನವರೆಗೆ ಬಂದು ನಿಂತುಬಿಡುತ್ತಿತ್ತು. ಇದರಾಚೆಗೆ ಏನೂ ಇರಲಿಲ್ಲ. ಅವಳು ಅವನ ಕಣ್ಣನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಮಂಡಿ ಬಗ್ಗಿಸಿ ಎತ್ತಿದಳು. ರಾಡು ಖಣ್ಣೆಂದು ಕೊಕ್ಕೆಗೆ ಬಿತ್ತು.

ಅವನು ಎದ್ದು ಕೂತು ಕೆಮ್ಮಿದ. "ಅವನ ಅಮ್ಮಂಗೆ ಹೇಳ್ಬೇಡಿ, ಅತ್ತಿಗೆ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಅವನ ಬೆವರನ್ನು ಬೆಂಚಿನಿಂದ ಒರೆಸಿ, ಹೆಚ್ಚಿನ ಪ್ಲೇಟುಗಳನ್ನು ತೆಗೆದು, ತನಗಾಗುವಷ್ಟು ತೂಕ ಉಳಿಸಿಕೊಂಡು ಮಲಗಿದಳು.

"ತಲೆದೆಸೆಗೆ ನಿಲ್ಲು," ಎಂದಳು. ಅವನಿಗೆ ಏಕವಚನ ಇದೇ ಮೊದಲು.

"ನನ್ಕೈಲಾಗಲ್ಲ."

"ಫೋನ್ ಆ ಕಡೆ ಇಟ್ಟು ಬಾ. ನಾಳೆನೂ ನಿಲ್ತೀಯ. ನಾಡಿದ್ದೂ. ನಾನು ಸಾಕು ಅನ್ನೋ ತನಕ."

ಅವನು ಬಂದ. ಅವಳು ರಾಡನ್ನು ಬಿಡಿಸಿ ಎದೆಯ ಮೇಲೆ ಇಳಿಸಿಕೊಂಡಳು. ಒಂದು ಗೇಣು ಮೇಲೆ, ಗಾಳಿಯಲ್ಲಿ, ಅವನ ಹತ್ತೂ ಬೆರಳು ರಾಡು ಹಿಡಿಯಲು ಬಾಗಿ ಕಾದಿದ್ದವು. ಅವಳು ರಾಡನ್ನು ಅಲ್ಲೇ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು.