ಕತ್ತಲಲ್ಲಿ ಮುಚ್ಚಿದ ತಾಟು

ವರ್ಷಗಟ್ಟಲೆ ಮದುವೆ ಮಂಟಪಗಳಿಗೆ ಗುಲಾಬಿ ಬೆಳಕು ಬಿಟ್ಟು ಬಿಟ್ಟು ಬಸವಕಿರಣನಿಗೆ ಗುಲಾಬಿ ಬಣ್ಣ ಕಂಡರೇ ತಲೆ ನೋಯುತ್ತಿತ್ತು. ಸಿಕಂದರಾಬಾದಿನ ಯಾವ ಫಂಕ್ಷನ್ ಹಾಲಿಗೆ ಹೋದರೂ ವಧುವಿನ ಸೋದರಮಾವನೊಬ್ಬ ಬಂದು, "ಭಯ್ಯಾ, ಥೋಡಾ ಔರ್ ಪಿಂಕ್" ಎನ್ನುತ್ತಿದ್ದ. ಆ ಮಾವಂದಿರಿಂದ ಬಿಡುಗಡೆ ಕೊಡಿಸುವುದು ಈಗ ಕಾವ್ಯಾಳ ಕೈಯಲ್ಲಿತ್ತು. ಬೀದರ್ ಕಡೆಯ ಕಾವ್ಯಾ ಬಂಜಾರಾ ಹಿಲ್ಸ್‌ನಲ್ಲಿ ಗ್ಯಾಲರಿ ನಡೆಸುತ್ತಿದ್ದಳು. ತಿನ್ನಬಹುದಾದ ಒಂದು ಕಲಾಕೃತಿಗೆ ಬೆಳಕು ಮಾಡಲು ಅವನನ್ನು ಕರೆದಿದ್ದಳು. ಇದು ಒಪ್ಪಿಗೆಯಾದರೆ ಗ್ಯಾಲರಿಯ ಮುಂದಿನ ಕೆಲಸವೆಲ್ಲ ಅವನದೇ.

ಕಲಾಕೃತಿ ಎಂದರೆ ಉದ್ದನೆಯ ಮೇಜಿನ ಮೇಲೆ ಹರಡಿದ ದಖ್ಖನ್ನಿನ ನೆಲ. ಒಂದಕ್ಕೊಂದು ಒರಗಿ ನಿಂತ ಖಡಕ್ ರೊಟ್ಟಿಯ ಗುಡ್ಡಗಳು, ಬಂಡೆಗಳ ಜಾಗದಲ್ಲಿ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಯ ಕೆಮ್ಮಣ್ಣು, ಮೊಸರಿನ ಕೆರೆ. ಇದರ ಮೇಲೆ ಮೊದಲು ಸಂಜೆಬೆಳಕು. ನಾಲ್ಕು ತುತ್ತು ಒಳಗಿಳಿಯುತ್ತಲೇ ಪೂರ್ತಿ ಕತ್ತಲು. ಆಮೇಲೆ ತಡವಿಕೊಂಡು ತಿಂದಷ್ಟೂ ಮೇಜು ಹಗುರಾಗಿ, ಕೆಳಗಿಟ್ಟ ತೂಕದ ಯಂತ್ರ ಅದನ್ನರಿತು, ನಿಧಾನ ಬೆಳಗು ಮಾಡುತ್ತದೆ. ನಾಲಿಗೆಯೇ ಸೂರ್ಯನನ್ನು ಹುಟ್ಟಿಸುತ್ತದೆ ಎಂದು ಕಿರಣ ಹೇಳಿದಾಗ ಕಾವ್ಯಾ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಿದ್ದಳು.

ಪ್ರದರ್ಶನದ ಮುನ್ನಾದಿನ, ಪರೀಕ್ಷೆಗೆಂದು ತಿನ್ನುವವರು ಬೇಕಾದರು. ರೊಟ್ಟಿ ಬಡಿದುಕೊಟ್ಟ ಸೋದರತ್ತೆ ಶಿವದೇವಿ ತನ್ನ ಭಜನಾ ಮಂಡಳಿಯನ್ನು ಕಟ್ಟಿಕೊಂಡು ಉಪ್ಪಲ್‌ನಿಂದ ಮೆಟ್ರೋ ಹತ್ತಿ ಬಂದಳು.

"ನಮ್ಮ ರೊಟ್ಟಿ ನಮಗ ಉಣಿಸಾಕ ಇಷ್ಟ್ ದೂರ ಕರಸೀಯೇನೋ ಕಿರಣಾ?"

"ಇದು ಕಲಾ ಐತತ್ತಿ."

"ಇರಲೇಳು. ಚಟ್ನಿಗೆ ಉಪ್ಪು ಸಾಕಾಗೇತೋ ಇಲ್ಲೋ ನೋಡೂಣು."

ಹೆಂಗಸರು ಗುಡ್ಡ ಮುರಿದರು, ಬಂಡೆ ಬಡಿಸಿಕೊಂಡರು, ತಾಟು ಮೇಜಿನ ಮೇಲೇ ಇಟ್ಟುಕೊಂಡು ಕೂತು ತಿನ್ನತೊಡಗಿದರು. ಸಂಜೆ ಕರಗಿತು. ನಿದ್ದೆಗೆಟ್ಟ ಕಣ್ಣುಜ್ಜಿಕೊಂಡು ಕಿರಣ ಗಾಜಿನ ಹಿಂದಿನ ಕೋಣೆಯಿಂದ ನೋಡುತ್ತಿದ್ದ. ಕತ್ತಲು ತುಂಬಿತು. ಚೆನ್ನಾಗಿ ತುಂಬಿತು.

"ಯವ್ವಾ, ದೀಪ ಹೋತು," ಎಂದಿತೊಂದು ದನಿ. ಆಮೇಲೆ ರೊಟ್ಟಿ ಮುರಿಯುವ ಸದ್ದೂ ನಿಂತಿತು.

ತೂಕ ಕದಲಲಿಲ್ಲ. ಯಂತ್ರ ಕೆಟ್ಟಿತೆಂದು ಕಿರಣ ವೈರು ಜಗ್ಗಿ ನೋಡಿದ. ಕೆಟ್ಟಿರಲಿಲ್ಲ.

"ಯಾಕ ತಿನ್ನವಲ್ರು?" ಪಕ್ಕದಲ್ಲಿದ್ದ ಕಾವ್ಯಾ ಪಿಸುಗುಟ್ಟಿದಳು.

ಆಗ ಅವನಿಗೆ ಹೊಳೆಯಿತು. ಹೊಳೆದದ್ದೇ ಸುಸ್ತೂ ಹೆಚ್ಚಾಯಿತು. ಮನೆಯ ಹಳೆಯ ರೂಢಿ: ಉಣ್ಣುವಾಗ ದೀಪ ಆರಿದರೆ ತಾಟಿನ ಮೇಲೆ ಅಂಗೈ ಮುಚ್ಚಿ ಕೂರಬೇಕು. ದೀಪ ಬಂದ ಮೇಲೆಯೇ ಮುಂದಿನ ತುತ್ತು. ಚಿಕ್ಕವನಿದ್ದಾಗ ಕರೆಂಟು ಹೋದಾಗಲೆಲ್ಲ ಅವನೂ ಹಾಗೇ ಕೂತವನು. ತಿಂಗಳುಗಟ್ಟಲೆ ಕತ್ತಲ ಬಗ್ಗೆ ಯೋಚಿಸಿದ್ದ; ಇದೊಂದು ನೆನಪಾಗಿರಲಿಲ್ಲ. ಈಗ ದೀಪ ಉಣ್ಣುವವರಿಗಾಗಿ ಕಾಯುತ್ತಿತ್ತು, ಉಣ್ಣುವವರು ದೀಪಕ್ಕಾಗಿ.

ಬಾಗಿಲು ಸರಿಸಿ ಕೂಗಿದ: "ಅತ್ತೀ, ಹಂಗ ಉಣ್ರಿ, ಏನಾಗಂಗಿಲ್ಲ."

"ದೀಪ ಬರಲಿ ತಡಿಯೋ."

"ಬಿಡ್ರಿ," ಎಂದಳು ಕಾವ್ಯಾ. "ಹಸಿವಾದ್ರ ತಾವ ತಿಂತಾರ."

ತಿನ್ನುವವರಲ್ಲ ಎಂದು ಕಿರಣನಿಗೆ ಗೊತ್ತಿತ್ತು. ಕತ್ತಲಲ್ಲಿ ಭಜನಾ ಮಂಡಳಿಯ ಸಾಬಮ್ಮ ನರಳಿದಳು: "ಶಿವದೇವಕ್ಕಾ, ಕೈ ಜೋಮು ಹಿಡೀತು ನಂದು."

"ತಗೀಬ್ಯಾಡ. ದೀಪ ಬರ್ತದ. ನಮ್ಮ ಹುಡುಗ ಅದಾನಲ್ಲ ಒಳಗ."

ಕಿರಣನ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು. ಅದು ಕಸ ಹೊಡೆಯುವವರಿಗೆಂದು ಹಾಕಿದ ಟ್ಯೂಬ್‌ಲೈಟಿನದು.

"ಅದನ್ನ ಹಾಕಿದ್ರ ಮುಗೀತು ನೋಡ್ರಿ ನಮ್ಮ ಮಾತು," ಎಂದಳು ಕಾವ್ಯಾ.

"ಗೊತ್ತೈತ್ರಿ."

ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತಿಕೊಂಡಿತು. ಗುಡ್ಡ ರೊಟ್ಟಿಯಾಯಿತು, ಬಂಡೆ ಬದನೆಕಾಯಿಯಾಯಿತು. ಹೆಂಗಸರು ಟ್ಯೂಬ್‌ಲೈಟಿಗೆ ಕೈ ಮುಗಿದು ತಾಟಿಗೆ ಕೈ ಹಾಕಿದರು. ಮಾತು, ನಗು, ಮೊಸರು ಹಾಕೆನ್ನುವ ಕೂಗು.

"ಮದುವಿ ಊಟ ಆತಲ್ರಿ ಇದು," ಎಂದು ಕಾವ್ಯಾ ಫೋನು ಎತ್ತಿಕೊಂಡು ಹೊರನಡೆದಳು. ಬೇರೆ ಯಾರೋ ಬೆಳಕಿನವರನ್ನು "ನಾಳೆ ಮುಂಜಾನಿ ಬರಾಕಾಗ್ತದೇನು?" ಎಂದು ಕೇಳುತ್ತಿದ್ದುದು ಬಾಗಿಲಾಚೆಯಿಂದ ಕೇಳಿಸಿತು.

ಕಿರಣ ಮೇಜಿನ ತುದಿಯಲ್ಲಿ ಕುಸಿದು ಕೂತ. ಮುಂದಿನ ಮದುವೆಯವರ ಮೆಸೇಜು ಆಗಲೇ ಬಂದು ಬಿದ್ದಿತ್ತು. ತೆರೆದು ಓದಬೇಕಾಗಿರಲಿಲ್ಲ, ಬಣ್ಣ ಗೊತ್ತಿತ್ತು. ಅತ್ತೆ ಉಳಿದ ಗುಡ್ಡವೊಂದನ್ನು ಮುರಿದು ಅವನ ಮುಂದಿಟ್ಟಳು.

"ಕರೆಂಟ್ ಹೋಗಿತ್ತೇನೋ?"

ಕಿರಣ ರೊಟ್ಟಿಯನ್ನು ಚಟ್ನಿಯಲ್ಲಿ ಹೊರಳಿಸಿದ. ಉಪ್ಪು ಸರಿಯಾಗಿತ್ತು.

"ಹೌದತ್ತಿ. ಕರೆಂಟ್ ಹೋಗಿತ್ತು."

"ಇಷ್ಟ್ ದೊಡ್ಡ ಮಂದಿ," ಅತ್ತೆ ತಲೆಯಾಡಿಸಿದಳು. "ಒಂದು ಇನ್ವರ್ಟರ್ ಹಾಕಿಸ್ಕೊಳ್ಳಾಕ ಏನಾಗೈತಿ ಇವರಿಗೆ?"